ಬೀಜವನ್ನು ಎಬ್ಬಿಸುವ ವಿದ್ಯೆ

ಕರಿಜಾಲಿಯ ಒಂದು ಕಾಯನ್ನು ಬಿಡಿಸಿ, ಅದರೊಳಗಿನ ಬೀಜವನ್ನು ಒಂದು ಲೋಟ ನೀರಿನಲ್ಲಿ ಹಾಕಿಟ್ಟು ನೋಡಿ. ಕಡಲೆಯಾದರೆ ಬೆಳಗಾಗುವುದರೊಳಗೆ ನೆನೆದು ಉಬ್ಬಿರುತ್ತದೆ. ಜಾಲಿಯ ಬೀಜ ಹೆಚ್ಚಾಗಿ ಹಾಕಿದಂತೆಯೇ ಬಿದ್ದಿರುತ್ತದೆ. ಅದರ ಸಿಪ್ಪೆ ನೀರನ್ನು ಒಳಗೆ ಬಿಡುವುದಿಲ್ಲ. ಇದು ಬೀಜದ ಮೊಂಡುತನವಲ್ಲ, ಮುಂದಾಲೋಚನೆ. ಬರಡು ಸೀಮೆಯಲ್ಲಿ ಮೊದಲ ಮಳೆಯನ್ನು ನಂಬುವಂತಿಲ್ಲ. ಒಂದು ಮಳೆಗೆ ಬೀಜವೆಲ್ಲ ಮೊಳೆತು, ಆಮೇಲೆ ತಿಂಗಳುಗಟ್ಟಲೆ ಮೋಡ ಮುಖ ತೋರಿಸದೆ ಹೋದರೆ, ಆ ವರ್ಷದ ಸಂತಾನವೆಲ್ಲ ಒಣಗಿಹೋಗುತ್ತದೆ. ಆದ್ದರಿಂದ ಕೆಲವು ಬೀಜ ಈ ವರ್ಷ, ಕೆಲವು ಮುಂದಿನ ವರ್ಷ, ಮತ್ತೆ ಕೆಲವು ಇನ್ನೂ ಹಲವು ವರ್ಷಗಳ ಮೇಲೆ ಎಚ್ಚರಗೊಳ್ಳುವಂತೆ ಪ್ರಕೃತಿಯೇ ಏರ್ಪಾಡು ಮಾಡಿದೆ.

ಪ್ರಕೃತಿಗೆ ಕಾಯುವ ತಾಳ್ಮೆಯುಂಟು, ಮನುಷ್ಯನಿಗೆ ಅಷ್ಟಿಲ್ಲ. ಮಣ್ಣು ಕೊಚ್ಚಿಹೋಗಿ ಬೋಳಾದ ನೆಲದಲ್ಲಿ ಮತ್ತೆ ಹಸುರನ್ನು ಕಾಣಬೇಕೆಂದರೆ, ಬೀಜವನ್ನು ತಕ್ಕ ಸಮಯದಲ್ಲಿ ಎಬ್ಬಿಸಬೇಕು. ಅಲ್ಲಿಯವರೆಗೆ ಇರುವೆ, ಇಲಿ, ಹಕ್ಕಿ, ಗಾಳಿಗಳಿಂದ ಅದನ್ನು ಕಾಪಾಡಬೇಕು. ಬೀಜೋಪಚಾರವೆಂಬ ಈ ವಿದ್ಯೆ ಬಹಳ ಹಳೆಯದು. ಅದರ ಚರಿತ್ರೆಯಲ್ಲಿ ನಮ್ಮ ನಾಡಿಗೂ ಒಂದು ಸ್ಥಾನವಿದೆ.

ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯ ಪ್ರತಿ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಬಂದ ಸಂಗತಿ ಪ್ರಸಿದ್ಧವಾಗಿದೆ. 1909ರಲ್ಲಿ ಅದು ಅಚ್ಚಾಯಿತು. ಗೂಢಚಾರರಿಗೂ ಸುಂಕಕ್ಕೂ ಹೆಸರಾದ ಆ ಗ್ರಂಥದಲ್ಲಿ ಬೇಸಾಯದ ಅಧಿಕಾರಿಗೆಂದು ಬರೆದ ಒಂದು ಅಧ್ಯಾಯವೂ ಇದೆ. ಧಾನ್ಯದ ಬೀಜವನ್ನು ಬಿತ್ತುವ ಮುನ್ನ ಏಳು ದಿನ ರಾತ್ರಿಯ ಇಬ್ಬನಿಗೂ ಹಗಲಿನ ಬಿಸಿಲಿಗೂ ಒಡ್ಡಬೇಕೆಂದು ಅದು ಹೇಳುತ್ತದೆ. ಗಟ್ಟಿ ಸಿಪ್ಪೆಯ ಬೀಜಗಳನ್ನು ಅಸ್ಥಿಬೀಜ, ಎಂದರೆ ಮೂಳೆಯಂಥ ಬೀಜ, ಎಂದು ಕರೆದು, ಅವಕ್ಕೆ ಸಗಣಿ ಬಳಿಯಬೇಕೆನ್ನುತ್ತದೆ. ಎಷ್ಟು ಒಪ್ಪುವ ಹೆಸರು! ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಬೀಜವನ್ನು ಹತ್ತು ದಿನ ಹಾಲಿನಲ್ಲಿ ಸಂಸ್ಕರಿಸಿ, ತುಪ್ಪ, ಸಗಣಿಗಳ ಉಪಚಾರ ಮಾಡುವ ಕ್ರಮವನ್ನು ವಿವರಿಸಿದ್ದಾನೆ. ಹನ್ನೊಂದನೆಯ ಶತಮಾನದಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದ ಕನ್ನಡದಲ್ಲಿಯೇ ಮಾತನಾಡಿತು.

ಆದರೆ ಈ ಗ್ರಂಥಕರ್ತರ ಕಣ್ಣಿದ್ದದ್ದು ಹೊಲ, ತೋಟ, ಉಪವನಗಳ ಮೇಲೆ. ಬೀಳುಬಿದ್ದ ಬಯಲಿನಲ್ಲಿ ಬೀಜವನ್ನು ಎಬ್ಬಿಸುವ ಕೆಲಸ ನಡೆಸುತ್ತಿದ್ದವು ಕುರಿಮೇಕೆಗಳು. ಬೇಸಗೆಯಲ್ಲಿ ಮೇವಿಲ್ಲದಾಗ ಅವು ಜಾಲಿಯ ಕಾಯನ್ನು ತಿನ್ನುತ್ತವೆ. ಮೆಲುಕು ಹಾಕುವಾಗ ಕೆಲವು ಬೀಜ ಹೊರಬೀಳುತ್ತವೆ. ಕೆಲವು ಹಿಕ್ಕೆಯೊಡನೆ ಬರುತ್ತವೆ. ಹೊಟ್ಟೆಯೊಳಗಿನ ರಸಗಳಲ್ಲಿ ನೆನೆದು ಸಿಪ್ಪೆ ಸಡಿಲಗೊಂಡಿರುತ್ತದೆ. ಇದನ್ನು ಬಲ್ಲ ಅರಣ್ಯ ಇಲಾಖೆಯವರು ಕುರಿದೊಡ್ಡಿಯಿಂದಲೇ ಜಾಲಿಯ ಬೀಜವನ್ನು ಕೂಡಿಸುವುದು ವಾಡಿಕೆಯಾಯಿತು. ಕುದಿಸಿ ಒಲೆಯಿಂದಿಳಿಸಿದ ನೀರಿನಲ್ಲಿ ಬೀಜ ಹಾಕಿ ಆರುವವರೆಗೆ ಬಿಡುವುದು, ಗಂಧಕಾಮ್ಲದಲ್ಲಿ ಸ್ವಲ್ಪ ಹೊತ್ತು ಅದ್ದಿ ಚೆನ್ನಾಗಿ ತೊಳೆಯುವುದು, ಸಿಪ್ಪೆಯನ್ನು ಉಜ್ಜಿ ಗೀರುವುದು, ಈ ಎಲ್ಲ ನರ್ಸರಿ ಕ್ರಮಗಳೂ ಮೇಕೆಯ ಹೊಟ್ಟೆ ಮಾಡುವ ಕೆಲಸವನ್ನೇ ಬೇರೆ ದಾರಿಯಿಂದ ಮಾಡುತ್ತವೆ.

ಎಬ್ಬಿಸುವುದು ಒಂದು ವಿದ್ಯೆಯಾದರೆ ಕಾಪಾಡುವುದು ಇನ್ನೊಂದು. 1952ರಲ್ಲಿ ಜೋಧಪುರದಲ್ಲಿ ಮರುಭೂಮಿಯ ಅರಣ್ಯೀಕರಣಕ್ಕಾಗಿ ಒಂದು ಕೇಂದ್ರ ಆರಂಭವಾಯಿತು. 1959ರಲ್ಲಿ ಅದೇ ಕೇಂದ್ರೀಯ ಶುಷ್ಕವಲಯ ಸಂಶೋಧನಾ ಸಂಸ್ಥೆಯಾಗಿ ಬೆಳೆಯಿತು. ಅಲ್ಲಿಯ ಸೇವಣ್, ಅಂಜನ್ ಮೊದಲಾದ ಹುಲ್ಲುಗಳ ಬೀಜ ಹತ್ತಿಯಂತೆ ಹಗುರ. ಬಿತ್ತಿದ್ದು ಗಾಳಿಯ ಪಾಲು. ಇದಕ್ಕೆ ಪರಿಹಾರವೆಂದು ಬೀಜವನ್ನು ಜೇಡಿಮಣ್ಣು, ಮರಳು, ಸಗಣಿಗಳೊಡನೆ ಕಲಸಿ ಗುಳಿಗೆ ಮಾಡಿ ಬಿತ್ತುವ ಕ್ರಮ ಬಳಕೆಗೆ ಬಂತು. ಜಪಾನಿನ ರೈತ ಮಸನೊಬು ಫುಕುವೊಕಾ ತನ್ನ ಹೊಲದಲ್ಲಿ ಜೇಡಿಮಣ್ಣಿನ ಉಂಡೆಗಳನ್ನು ಬಳಸಿ, ಮುಂದೆ ಬರಡು ನೆಲಗಳಿಗೂ ಅದನ್ನೇ ಸೂಚಿಸಿದನು. 1988ರಲ್ಲಿ ಅವನಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮ ಶಾಲಾ ಮಕ್ಕಳು ಮುಂಗಾರಿಗೆ ಮುನ್ನ ಕಟ್ಟುವ ಬೀಜದುಂಡೆ ಇದೇ ಬಳಗದ್ದು.

ಇಷ್ಟಾದರೆ ಸಾಕೇ? ಸಾಲದು. ಯಾವ ಬೀಜವನ್ನು ಎಬ್ಬಿಸುತ್ತಿದ್ದೇವೆಂಬುದನ್ನು ಮೊದಲು ಕೇಳಿಕೊಳ್ಳಬೇಕು. ಇದಕ್ಕೆ ಬಳ್ಳಾರಿ ಜಾಲಿಯ ಕಥೆಯೇ ಸಾಕ್ಷಿ. ಅಮೆರಿಕಾ ಖಂಡದ ಈ ಮರದ ಬೀಜವನ್ನು 1870ರ ದಶಕದಲ್ಲಿ ಮದರಾಸು ಪ್ರಾಂತ್ಯದ ಅರಣ್ಯಾಧಿಕಾರಿ ಬೆಡ್ಡೋಮ್ ಅಪೇಕ್ಷಿಸಿ ಬರೆದನು. 1877ರ ಸುಮಾರಿಗೆ ಕಡಪಾ ಸೀಮೆಯ ಕಮಲಾಪುರದಲ್ಲಿ ಅದನ್ನು ಬೆಳೆಸಿದರು. ಸೌದೆಗೆ ಮರ ಬೇಕು, ಬರಡು ನೆಲಕ್ಕೆ ನೆರಳು ಬೇಕು ಎಂಬುದೇ ಉದ್ದೇಶ. ಜೋಧಪುರ ಸಂಸ್ಥಾನದಲ್ಲಿಯಂತೂ 1940ರಲ್ಲಿ ಅದು ರಾಜವೃಕ್ಷವೆಂಬ ಮಾನ ಪಡೆಯಿತು. ಅದರ ಕಾಯಿ ಸಿಹಿ. ದನಕರುಗಳು ತಿಂದವು, ಹೊಟ್ಟೆಯಲ್ಲಿ ಉಪಚಾರ ಪಡೆದ ಬೀಜ ಗೊಬ್ಬರ ಸಮೇತ ಊರೂರಿಗೆ ಹೋಯಿತು. ಬಡವರ ಒಲೆಗೆ ಸೌದೆ ಸಿಕ್ಕಿತು, ನಿಜ. ಆದರೆ ಕೆರೆಯಂಗಳ, ಹುಲ್ಲುಗಾವಲು, ಬೀಳು ಹೊಲಗಳೆಲ್ಲ ಮುಳ್ಳಿನ ಮೆಳೆಯಾದವು, ಹುಲ್ಲು ಹಿಮ್ಮೆಟ್ಟಿತು. ಅದರ ಸಮೀಪದ ಬಂಧುವೇ ನಮ್ಮ ಬನ್ನಿ. ವಿಜಯದಶಮಿಯ ದಿನ ನಾವು ಪೂಜಿಸುವ ಬನ್ನಿ ಹೊಲದ ಬದುವಿನಲ್ಲಿ ಬೆಳೆಯೊಡನೆ ಹೊಂದಿಕೊಂಡು ನಿಲ್ಲುತ್ತದೆ. ಒಂದನ್ನು ಪೂಜಿಸುತ್ತೇವೆ, ಇನ್ನೊಂದನ್ನು ಬೇರುಸಹಿತ ಕೀಳಲು ಹಣ ಸುರಿಯುತ್ತೇವೆ!

ಆದ್ದರಿಂದ ಬೀಜದುಂಡೆ ಕಟ್ಟುವ ಕೈಗಳಿಗೆ ಚರಿತ್ರೆ ಹೇಳುವ ಬುದ್ಧಿಮಾತು ಇಷ್ಟು. ಬೀಜ ಆ ಸೀಮೆಯದ್ದೇ ಆಗಿರಲಿ: ಕರಿಜಾಲಿ, ಬನ್ನಿ, ಕಮರ, ಬೇವು, ಜೊತೆಗೆ ಅಲ್ಲಿಯ ಹುಲ್ಲು. ಪ್ರತಿಯೊಂದರ ಸ್ವಭಾವವನ್ನೂ ತಿಳಿಯಬೇಕು. ಬೇವಿನ ಬೀಜಕ್ಕೆ ನಿದ್ದೆಯೇ ಇಲ್ಲ. ಹಣ್ಣಿನ ತಿರುಳು ತೊಳೆದು ಕೆಲವು ವಾರಗಳೊಳಗೆ ಬಿತ್ತದಿದ್ದರೆ ಅದು ಸತ್ತೇಹೋಗುತ್ತದೆ. ಜಾಲಿಗೆ ಉಪಚಾರವಾಗದಿದ್ದರೆ ಉಂಡೆಯೊಳಗೂ ಅದು ನಿದ್ದೆಯನ್ನೇ ಮುಂದುವರಿಸುತ್ತದೆ. ಇನ್ನು, ಎಬ್ಬಿಸಿದ ಬೀಜವನ್ನು ಬಂಡೆಯ ಮೇಲೆ ಎಸೆದು ಬಂದರೆ ಅದಕ್ಕೆ ಮಾಡಿದ್ದು ಉಪಕಾರವಲ್ಲ, ದ್ರೋಹ. ಕಾಯುವ ಶಕ್ತಿಯನ್ನು ನಾವೇ ಕಿತ್ತುಕೊಂಡಿದ್ದೇವೆ. ಬದಲಿಗೆ ನೀರು ನಿಲ್ಲುವ ಒಂದು ಸಣ್ಣ ಒಡ್ಡನ್ನೂ, ಮೇಕೆಯ ಬಾಯಿಂದ ಕಾಯುವ ಒಂದು ಬೇಲಿಯನ್ನೂ ಕೊಡಬೇಕಾದವರು ನಾವೇ.

ಎಸೆದ ಉಂಡೆಗಳನ್ನು ಎಣಿಸುವುದು ಸುಲಭ. ಮೂರು ಬೇಸಗೆ ಕಳೆದ ಮೇಲೆ ಅದೇ ಬಯಲಿಗೆ ಹೋಗಿ, ನಿಂತಿರುವ ಗಿಡಗಳನ್ನು ಎಣಿಸಿದರೆ ಆಗ ವಿದ್ಯೆ ಫಲಿಸಿತೋ ಇಲ್ಲವೋ ತಿಳಿಯುತ್ತದೆ.