ಲಾಳದ ಏಡಿಗಳ ಸಂರಕ್ಷಣೆ

ಲಾಳದ ಏಡಿ ಹೆಸರಿಗೆ ಮಾತ್ರ ಏಡಿ. ಬಳಗದ ಲೆಕ್ಕದಲ್ಲಿ ಅದು ಜೇಡ, ಚೇಳುಗಳಿಗೆ ಹತ್ತಿರ. ಮೇಲಿನಿಂದ ನೋಡಿದರೆ ಕುದುರೆಯ ಲಾಳದಂತೆ ಕಾಣುವ ಚಿಪ್ಪು, ಹಿಂದೆ ಚೂಪಾದ ಉದ್ದ ಬಾಲ. ಕರ್ನಾಟಕದ ಕರಾವಳಿಯಲ್ಲಿ ಸಿಗದ ಜೀವಿಯಾದ್ದರಿಂದ ನಮ್ಮ ಹೆಸರು ಇಂಗ್ಲಿಷಿನ ಹಾರ್ಸ್‌ಶೂ ಕ್ರ್ಯಾಬ್ ನೋಡಿ ಕಟ್ಟಿಕೊಂಡದ್ದು. ಇದರ ಪೂರ್ವಜರ ಪಳೆಯುಳಿಕೆಗಳು ಸುಮಾರು 44.5 ಕೋಟಿ ವರ್ಷ ಹಿಂದಿನವು. ಈಗ ಉಳಿದಿರುವುದು ನಾಲ್ಕೇ ಪ್ರಭೇದ. ಮೂರು ಏಷ್ಯಾದವು, ನಾಲ್ಕನೆಯದಾದ ಲಿಮ್ಯುಲಸ್ ಪಾಲಿಫೀಮಸ್ ಉತ್ತರ ಅಮೆರಿಕದ ಪೂರ್ವ ಕರಾವಳಿಯದು. ಈ ಅಮೆರಿಕದ ಪ್ರಭೇದ ಎಲ್ಲಕ್ಕಿಂತ ದೊಡ್ಡ ಸಂಖ್ಯೆಯಲ್ಲಿ ಸೇರುವ ಜಾಗ ನ್ಯೂಜೆರ್ಸಿ ಮತ್ತು ಡೆಲವೇರ್ ರಾಜ್ಯಗಳ ನಡುವಿನ ಡೆಲವೇರ್ ಕೊಲ್ಲಿ. ಅತಿಯಾಗಿ ಹಿಡಿದದ್ದೂ, ಹಿಡಿಯುವುದಕ್ಕೆ ಕಡಿವಾಣ ಹಾಕಿದ್ದೂ ಮುಖ್ಯವಾಗಿ ಇಲ್ಲಿಯೇ.

ಮೇ, ಜೂನ್ ತಿಂಗಳ ಹುಣ್ಣಿಮೆ, ಅಮಾವಾಸ್ಯೆಗಳ ರಾತ್ರಿ ಉಬ್ಬರ ಏರುವಾಗ ಹೆಣ್ಣು ದಡ ಹತ್ತುತ್ತದೆ. ಅದರ ಬೆನ್ನಿಗೆ ಗಾತ್ರದಲ್ಲಿ ಚಿಕ್ಕದಾದ ಗಂಡು ಮುಂಗಾಲುಗಳ ಕೊಕ್ಕೆಯಿಂದ ಅಂಟಿಕೊಂಡಿರುತ್ತದೆ, ಸುತ್ತ ಜೋಡಿ ಸಿಗದ ಇನ್ನಷ್ಟು ಗಂಡುಗಳು. ಹೆಣ್ಣು ಮರಳು ಕೆದರಿ ಒಂದೊಂದು ಗುಂಡಿಯಲ್ಲಿ ಸುಮಾರು 4,000 ಮೊಟ್ಟೆ ಇಡುತ್ತದೆ. ಒಂದೇ ಋತುವಿನಲ್ಲಿ ಇದು 80,000 ದಾಟಬಹುದು. ಮೊಟ್ಟೆ ಸಾಸಿವೆ ಕಾಳಿನಷ್ಟು ಸಣ್ಣದು, ಹಸಿರು ಬಣ್ಣದ್ದು. ಅಲೆಯ ಹೊಡೆತಕ್ಕೆ ಅಂಗಾತ ಬಿದ್ದ ಏಡಿ ಬಾಲವನ್ನು ಮರಳಿಗೆ ಊರಿ ಮಗುಚಿಕೊಳ್ಳಲು ಹೆಣಗುತ್ತದೆ. ಆಗದಿದ್ದರೆ ಬೆಳಗಿನ ಬಿಸಿಲಿಗೋ ಕಡಲಹಕ್ಕಿಗಳಿಗೋ ಬಲಿ. ಬಾಲದಲ್ಲಿ ವಿಷವಿಲ್ಲ. ದಡಕ್ಕೆ ಬರುವ ಸ್ವಯಂಸೇವಕರಿಗೆ ಹೇಳಿಕೊಡುವ ಮೊದಲ ಪಾಠವೇ ಏಡಿಯನ್ನು ಚಿಪ್ಪಿನ ಅಂಚು ಹಿಡಿದು ತಿರುಗಿಸಬೇಕು, ಬಾಲ ಹಿಡಿದು ಎತ್ತಬಾರದು ಎಂಬುದು.

ದಡಕ್ಕೆ ತಾನಾಗಿ ಬರುವ, ಓಡದ, ಕಚ್ಚದ ಪ್ರಾಣಿಯನ್ನು ಹಿಡಿಯುವುದಕ್ಕೆ ಜಾಣತನ ಬೇಕಿಲ್ಲ. ಕೇಡು ಶುರುವಾದದ್ದು ಅಲ್ಲಿಂದಲೇ. ಇಂಗ್ಲಿಷ್ ವಿದ್ವಾಂಸ ಥಾಮಸ್ ಹ್ಯಾರಿಯಟ್ 1588ರಲ್ಲಿ ಪ್ರಕಟಿಸಿದ ವರ್ಜೀನಿಯಾದ ವರದಿಯಲ್ಲಿಯೇ ಈ ಜೀವಿಯ ಮಾತು ಬರುತ್ತದೆ. ಸ್ಥಳೀಯ ಬುಡಕಟ್ಟುಗಳು ಇದರ ಬಾಲವನ್ನು ಮೀನು ತಿವಿಯುವ ಈಟಿಯ ಮೊನೆಗೆ ಬಳಸುತ್ತಿದ್ದವು, ಹೊಲಕ್ಕೆ ಗೊಬ್ಬರವಾಗಿಯೂ ಹಾಕುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ಮನೆಮಟ್ಟದ ಬಳಕೆ ಕಾರ್ಖಾನೆಯ ಮಟ್ಟಕ್ಕೆ ಏರಿತು. ಒಣಗಿಸಿ, ಪುಡಿ ಮಾಡಿ ಗೊಬ್ಬರವೆಂದು ಮಾರಿದರು, ಉಳಿದದ್ದನ್ನು ಹಂದಿಗಳಿಗೆ ಹಾಕಿದರು. 1870ರ ದಶಕದಲ್ಲಿ ಡೆಲವೇರ್ ಕೊಲ್ಲಿಯೊಂದರಿಂದಲೇ ವರ್ಷಕ್ಕೆ 40 ಲಕ್ಷದಷ್ಟು ಏಡಿ ತೆಗೆದ ಲೆಕ್ಕವಿದೆ. 1920ರ ದಶಕದಲ್ಲಿ ಕೊಲ್ಲಿಯ ದಡದ ಬೋವರ್ಸ್ ಬೀಚಿನಲ್ಲಿ ತೆಗೆದ ಫೋಟೋಗಳಲ್ಲಿ ಅವನ್ನು ಕಲ್ಲಿನ ಗೋಡೆಯಂತೆ ಸಾಲಾಗಿ ಒಟ್ಟಿರುವುದು ಕಾಣುತ್ತದೆ. 1960ರ ದಶಕಕ್ಕೆ ಹಿಡಿತ ವರ್ಷಕ್ಕೆ ಕೆಲವೇ ಹತ್ತು ಸಾವಿರಗಳಿಗೆ ಇಳಿಯಿತು. ಯಾರೂ ಕರುಣೆ ತೋರಿದ್ದಲ್ಲ. ಏಡಿ ಸಿಗುವುದು ಕಡಿಮೆಯಾಯಿತು, ರಾಸಾಯನಿಕ ಗೊಬ್ಬರ ಅಗ್ಗವಾಯಿತು, ಕಾರ್ಖಾನೆಗಳ ನಾತಕ್ಕೆ ಅಕ್ಕಪಕ್ಕದವರು ತಕರಾರು ತೆಗೆದರು. ಸಂತತಿ ತುಸು ಚೇತರಿಸಿಕೊಂಡಿತು.

ಎರಡನೆಯ ಸುತ್ತು ಎರೆಯದು. ಹಾವುಮೀನು ಮತ್ತು ದೊಡ್ಡ ಕಡಲಬಸವನ ಹಿಡಿಯುವವರು ಬೋನುಗಳಿಗೆ ಲಾಳದ ಏಡಿಯನ್ನು ಕತ್ತರಿಸಿ ಕಟ್ಟುತ್ತಿದ್ದರು. ಅದರಲ್ಲೂ ಮೊಟ್ಟೆ ತುಂಬಿದ ಹೆಣ್ಣಿಗೇ ಬೇಡಿಕೆ. 1990ರ ದಶಕದಲ್ಲಿ ಈ ಮೀನುಗಾರಿಕೆ ಬೆಳೆದಂತೆ ಏಡಿಯ ಹಿಡಿತವೂ ಜಿಗಿದು, 1998ರ ಹೊತ್ತಿಗೆ ಅಟ್ಲಾಂಟಿಕ್ ಕರಾವಳಿಯುದ್ದಕ್ಕೂ ವರ್ಷಕ್ಕೆ 25 ಲಕ್ಷ ಮೀರಿತು. ಹೆಣ್ಣು ಮೊಟ್ಟೆಯಿಡುವ ವಯಸ್ಸಿಗೆ ಬರಲು ಹತ್ತು ವರ್ಷದಷ್ಟು ಬೇಕು. ಹೀಗಿರುವಾಗ ಹೆಣ್ಣನ್ನೇ ಆರಿಸಿ ಕೊಲ್ಲುವುದು ಬೀಜದ ಭತ್ತ ಕುಟ್ಟಿ ಉಂಡಂತೆ.

ಎಚ್ಚರಿಕೆಯ ಗಂಟೆ ಹೊಡೆದದ್ದು ಏಡಿಗಳ ಎಣಿಕೆಯಲ್ಲ, ಹಕ್ಕಿಗಳ ಎಣಿಕೆ. ರೆಡ್ ನಾಟ್ ಎಂಬ ಕೆಂಪೆದೆಯ ಕಡಲಹಕ್ಕಿ ದಕ್ಷಿಣ ಅಮೆರಿಕದ ತುದಿಯ ಟಿಯೆರಾ ಡೆಲ್ ಫ್ಯೂಗೋದಿಂದ ಕೆನಡಾದ ಆರ್ಕ್ಟಿಕ್‌ವರೆಗೆ ಹಾರುತ್ತದೆ. ದಾರಿಯಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಇಳಿದು, ಎರಡು ವಾರದಷ್ಟರಲ್ಲಿ ಏಡಿಯ ಮೊಟ್ಟೆ ತಿಂದು ಮೈತೂಕ ಹೆಚ್ಚುಕಡಿಮೆ ಇಮ್ಮಡಿ ಮಾಡಿಕೊಳ್ಳುತ್ತದೆ. 1980ರ ದಶಕದಲ್ಲಿ ಕೊಲ್ಲಿಯಲ್ಲಿ 90,000ದಷ್ಟು ಕಂಡಿದ್ದ ಈ ಹಕ್ಕಿ 2000ದ ದಶಕದ ನಡುವಿಗೆ 15,000ದ ಆಸುಪಾಸಿಗೆ ಕುಸಿಯಿತು. ಪಕ್ಷಿಪ್ರಿಯರ ಒತ್ತಡವಿಲ್ಲದಿದ್ದರೆ ಏಡಿಯ ಪರವಾಗಿ ಇಷ್ಟು ಬೇಗ ಕಾನೂನು ಬರುತ್ತಿರಲಿಲ್ಲ ಎನ್ನಲು ಅಡ್ಡಿಯಿಲ್ಲ.

ಅಟ್ಲಾಂಟಿಕ್ ರಾಜ್ಯಗಳ ಸಾಗರ ಮೀನುಗಾರಿಕಾ ಆಯೋಗ 1998ರಲ್ಲಿ ಮೊದಲ ನಿರ್ವಹಣಾ ಯೋಜನೆ ತಂದಿತು. 2000ದಲ್ಲಿ ಪ್ರತಿ ರಾಜ್ಯದ ಎರೆ ಹಿಡಿತವನ್ನು ಹಿಂದಿನ ಮಟ್ಟಕ್ಕಿಂತ 25% ಇಳಿಸಿತು. ವರ್ಜೀನಿಯಾ ಮೊದಲು ಒಪ್ಪಲಿಲ್ಲ. ಮೀನುಗಾರಿಕೆಯನ್ನೇ ಮುಚ್ಚಿಸುವುದಾಗಿ ಕೇಂದ್ರದ ವಾಣಿಜ್ಯ ಇಲಾಖೆ ಗದರಿಸಿದ ಮೇಲೆ ದಾರಿಗೆ ಬಂತು. 2001ರಲ್ಲಿ ಕೊಲ್ಲಿಯ ಬಾಯಿಯಾಚೆ ಸುಮಾರು 1,500 ಚದರ ಮೈಲಿ ಕಡಲನ್ನು ಮೀಸಲು ಪ್ರದೇಶವೆಂದು ಸಾರಿ, ಬದುಕನ್ನೇ ಈ ಜೀವಿಯ ಅಧ್ಯಯನಕ್ಕೆ ಕೊಟ್ಟ ಕಾರ್ಲ್ ಶೂಸ್ಟರ್ ಅವರ ಹೆಸರಿಟ್ಟರು. ನ್ಯೂಜೆರ್ಸಿ 2008ರಲ್ಲಿ ಎರೆಗಾಗಿ ಹಿಡಿಯುವುದನ್ನೇ ನಿಲ್ಲಿಸಿತು. ಸದ್ದಿಲ್ಲದೆ ಕೆಲಸ ಮಾಡಿದ ಇನ್ನೊಂದು ಉಪಾಯ ಎರೆಚೀಲ. ಏಡಿಯ ತುಂಡನ್ನು ಬಲೆಯ ಚೀಲದಲ್ಲಿಟ್ಟು ಬೋನಿಗೆ ಕಟ್ಟಿದರೆ ಸಣ್ಣಪುಟ್ಟ ಜೀವಿಗಳು ತಿಂದು ಮುಗಿಸುವುದಿಲ್ಲ, ಕಡಿಮೆ ಎರೆ ಹೆಚ್ಚು ದಿನ ಬರುತ್ತದೆ. ಕಾನೂನಿಗೆ ಮುನಿದ ಮೀನುಗಾರನೂ ಇದನ್ನು ಒಪ್ಪಿದ, ಯಾಕೆಂದರೆ ಉಳಿದದ್ದು ಅವನ ದುಡ್ಡು.

ಏಡಿಗೆ ಮೂರನೆಯ ಗಿರಾಕಿ ಔಷಧ ಉದ್ಯಮ. ಇದರ ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರವಿರುವುದರಿಂದ ಬಣ್ಣ ನೀಲಿ. ಬ್ಯಾಕ್ಟೀರಿಯಾ ಸೋಕಿದರೆ ರಕ್ತ ಹೆಪ್ಪುಗಟ್ಟುವುದನ್ನು ಫ್ರೆಡರಿಕ್ ಬ್ಯಾಂಗ್ 1956ರಲ್ಲಿ ವರದಿ ಮಾಡಿದರು. ಅವರೂ ಜ್ಯಾಕ್ ಲೆವಿನ್ ಅವರೂ ಸೇರಿ 1960ರ ದಶಕದಲ್ಲಿ ಅದನ್ನು ಎಂಡೋಟಾಕ್ಸಿನ್ ವಿಷ ಪತ್ತೆಯ ಪರೀಕ್ಷೆಯಾಗಿ ಬೆಳೆಸಿದರು. ಅದುವರೆಗೆ ಇಂಜೆಕ್ಷನ್ ಔಷಧವನ್ನು ಮೊಲಕ್ಕೆ ಚುಚ್ಚಿ ಜ್ವರ ಬರುತ್ತದೆಯೇ ಎಂದು ಕಾಯಬೇಕಿತ್ತು. 1977ರಲ್ಲಿ ಅಮೆರಿಕ ಏಡಿರಕ್ತದ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಏಡಿಯನ್ನು ಹಿಡಿದು, ಚಿಪ್ಪಿನ ಕೀಲಿನಲ್ಲಿ ಸೂಜಿ ಚುಚ್ಚಿ ರಕ್ತದ ಒಂದು ಪಾಲು ತೆಗೆದು ಕಡಲಿಗೆ ಬಿಡುತ್ತಾರೆ. ಬಿಟ್ಟ ಮೇಲೆ ಸಾಯುವವು 15% ಎಂಬುದು ಆಯೋಗದ ಅಂದಾಜು, ಕೆಲವು ಅಧ್ಯಯನಗಳ ಪ್ರಕಾರ ಇನ್ನೂ ಹೆಚ್ಚು. ಎರೆಯ ಮಿತಿ ಇದಕ್ಕೆ ಅನ್ವಯಿಸುವುದಿಲ್ಲ. ಹೀಗೆ ಸಾಯುವವು ವರ್ಷಕ್ಕೆ 57,500 ದಾಟಿದರೆ ಕ್ರಮ ಯೋಚಿಸಬೇಕೆಂದು 1998ರ ಯೋಜನೆಯಲ್ಲಿತ್ತು. 2007ರಿಂದೀಚೆಗೆ ಬಹುತೇಕ ಪ್ರತಿವರ್ಷ ಆ ಗೆರೆ ದಾಟಿದೆ, ಗೆರೆ ಮಾತ್ರ ಕಾಗದದಲ್ಲೇ ಇದೆ.

ಏಡಿರಕ್ತಕ್ಕೆ ಬದಲಿ ಬಂದದ್ದು ಸಿಂಗಾಪುರದಿಂದ. ಅಲ್ಲಿನ ರಾಷ್ಟ್ರೀಯ ವಿಶ್ವವಿದ್ಯಾಲಯದ ಜೀಕ್ ಲಿಂಗ್ ಡಿಂಗ್ ಮತ್ತು ಬೋ ಹೋ ದಂಪತಿ ಏಷ್ಯಾದ ಏಡಿಯೊಂದರ ಜೀನಿನಿಂದ ಎಂಡೋಟಾಕ್ಸಿನ್ ಪತ್ತೆಮಾಡುವ ಫ್ಯಾಕ್ಟರ್ ಸಿ ಎಂಬ ಪ್ರೋಟೀನನ್ನು ಪ್ರಯೋಗಾಲಯದಲ್ಲಿ ತಯಾರಿಸುವ ದಾರಿ ತೋರಿಸಿದರು. ಮಾರುಕಟ್ಟೆಗೆ ಅದು 2003ರಲ್ಲೇ ಬಂದರೂ ಔಷಧಗಳ ಗುಣಮಟ್ಟ ಗೊತ್ತುಪಡಿಸುವ ಯುರೋಪಿನ ಔಷಧಕೋಶ ಒಪ್ಪಿದ್ದು 2021ರಲ್ಲಿ. ಇದನ್ನು ಒಪ್ಪುವ ಅಮೆರಿಕದ ಔಷಧಕೋಶದ ಹೊಸ ಅಧ್ಯಾಯ ಜಾರಿಗೆ ಬಂದದ್ದು 2025ರ ಮೇ ತಿಂಗಳಲ್ಲಿ. ಏಡಿಯ ಕಡೆಯಿಂದ ನೋಡಿದರೆ ಈ ವಿಳಂಬ ದುಬಾರಿ.

ಭಾರತದಲ್ಲಿ ಎರಡು ಪ್ರಭೇದಗಳಿದ್ದು, ಒಡಿಶಾದ ಬಾಲಸೋರ್ ಜಿಲ್ಲೆಯ ತೀರ ಮತ್ತು ಪಶ್ಚಿಮ ಬಂಗಾಳದ ಸುಂದರಬನದಲ್ಲಿ ನೆಲೆಸಿವೆ. 2009ರಲ್ಲಿ ಇವನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಾಲ್ಕನೆಯ ಅನುಸೂಚಿಗೆ ಸೇರಿಸಲಾಯಿತು. ಇಲ್ಲಿ ಅವು ಸಾಯುವುದು ಹೆಚ್ಚಾಗಿ ಮೀನಿಗೆಂದು ಹಾಕಿದ ಬಲೆಗೆ ಸಿಕ್ಕಿ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅಮೆರಿಕದ ಪ್ರಭೇದವನ್ನು 2016ರಲ್ಲಿ ಅಪಾಯದಂಚಿನದೆಂದು ಗುರುತಿಸಿದರೆ, ಜಪಾನ್, ಚೀನಾ ತೀರದ ಪ್ರಭೇದ 2019ರಲ್ಲಿ ಅಳಿವಿನಂಚಿನ ಪಟ್ಟಿಗೇ ಸೇರಿತು.

ಡೆಲವೇರ್ ಕೊಲ್ಲಿಯ ಏಡಿಗಳಲ್ಲಿ ಎರೆಗಾಗಿ ಗಂಡನ್ನು ಮಾತ್ರ ಹಿಡಿಯಬಹುದು, ಹೆಣ್ಣಿನ ಪಾಲು ಸೊನ್ನೆ ಎಂಬ ನಿಯಮ 2013ರಿಂದ ಬಂತು. ಆ ಬೇಸಿಗೆಯಲ್ಲಿ ಮೊಟ್ಟೆಯೊಡೆದು ಹುಟ್ಟಿದ ಹೆಣ್ಣುಗಳು ಮೊದಲ ಸಲ ಮೊಟ್ಟೆಯಿಡಲು ದಡ ಹತ್ತಿದ್ದು 2023ರ ಆಸುಪಾಸಿನಲ್ಲಿ.