ಕನ್ಯೆಯರ ಕ್ರೀಡೆಯೂ ದೇಹಭಾವನೆಯೂ

ದಂಡಿಯ ‘ದಶಕುಮಾರಚರಿತ’ದಲ್ಲಿ ಕಂದುಕಾವತಿಯೆಂಬ ರಾಜಕನ್ಯೆಯ ಕಥೆಯುಂಟು. ಏಳನೆಯ ವಯಸ್ಸು ಮೊದಲ್ಗೊಂಡು ಪ್ರತಿಮಾಸವೂ ಕೃತ್ತಿಕಾ ನಕ್ಷತ್ರದಂದು ಅವಳು ವಿಂಧ್ಯವಾಸಿನೀ ದೇವಿಯ ಪ್ರೀತ್ಯರ್ಥವಾಗಿ ಚೆಂಡಾಡತಕ್ಕದ್ದೆಂದು ನಿಯಮ. ಅವಳ ಹಸ್ತಲಾಘವವನ್ನೂ ಹೆಜ್ಜೆಗಳ ಬಗೆಯನ್ನೂ ಕವಿಯು ವರ್ಣಿಸಿರುವುದನ್ನು ಓದಿದರೆ, ಆ ಕಾಲದಲ್ಲಿ ಹೆಣ್ಣುಮಕ್ಕಳ ಆಟಕ್ಕೆ ಒಂದು ಶಾಸ್ತ್ರವೇ ಇದ್ದಿತೆಂದು ತೋರುವುದು. ಆದರೆ ಆ ನಿಯಮಕ್ಕೆ ಅವಧಿಯೂ ಉಂಟು: ವಿವಾಹವಾಗುವವರೆಗೆ ಮಾತ್ರ. ಆಟದ ಫಲವೂ ಅನುರೂಪನಾದ ಪತಿಯೇ.

ನಮ್ಮ ಸೀಮೆಯ ಹೆಣ್ಣುಮಕ್ಕಳ ಚರಿತ್ರೆಯೂ ಬಹುಕಾಲ ಇದೇ ಅವಧಿಗೆ ಒಳಪಟ್ಟಿದ್ದಿತು. ಕೃಷ್ಣರಾಜನಗರದ ಕಡೆಯ ಹೊಸ ಅಗ್ರಹಾರದಂತಹ ಊರುಗಳಲ್ಲಿ ಎಳೆಯ ಹುಡುಗಿಯರಿಗೆ ಕುಂಟೆಬಿಲ್ಲೆ, ಕಣ್ಣಾಮುಚ್ಚಾಲೆ, ಮರಕೋತಿಯಾಟ ಎಲ್ಲವೂ ಉಂಟು. ಮೈನೆರೆದ ಮೇಲೆ ಉಳಿಯುತ್ತಿದ್ದುದು ಚೌಕಾಬಾರ, ಅಳುಗುಳಿಮಣೆ; ಎಂದರೆ ಕುಳಿತು ಆಡುವ ಆಟಗಳು. ಓಟವು ಅಂಗಳದಲ್ಲಿಯೇ ನಿಂತುಹೋಯಿತು.

ಇದಕ್ಕೆ ಕಾರಣ ದೇಹದ ದೌರ್ಬಲ್ಯವೆಂದು ಹೇಳುವವರುಂಟು. ಇದು ವಿಚಿತ್ರವಾದ ಮಾತು. ಅದೇ ಹುಡುಗಿಯು ಬಾವಿಯಿಂದ ಕೊಡಗಟ್ಟಲೆ ನೀರು ಸೇದುತ್ತಿದ್ದಳು, ಒನಕೆ ಹಿಡಿದು ಭತ್ತ ಕುಟ್ಟುತ್ತಿದ್ದಳು, ರಾಗಿ ಬೀಸುತ್ತಿದ್ದಳು. ಅದನ್ನು ಬಲವೆಂದು ಯಾರೂ ಕರೆಯಲಿಲ್ಲವಾದ್ದರಿಂದ ತನಗೆ ಬಲವುಂಟೆಂಬುದು ಅವಳಿಗೂ ತಿಳಿಯಲಿಲ್ಲ, ಅಷ್ಟೆ. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಕನ್ನಡಿ ಹಿಡಿದ ದರ್ಪಣಸುಂದರಿಯೂ ಬಿಲ್ಲು ಹಿಡಿದ ಬೇಟೆಗಾರ್ತಿಯೂ ಇಬ್ಬರೂ ಇರುವರು. ಲೋಕದ ಬಾಯಲ್ಲಿ ಹೆಸರಾದವಳು ಮಾತ್ರ ಮೊದಲಿನವಳು.

1881ರಲ್ಲಿ ಅಂಬಳೆ ನರಸಿಂಹಯ್ಯಂಗಾರ್ಯರು ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆಯನ್ನು ಸ್ಥಾಪಿಸಿದರು. 1894ರಲ್ಲಿ ಮೈಸೂರು ಸಂಸ್ಥಾನವು ಎಂಟು ವರ್ಷ ತುಂಬದ ಹುಡುಗಿಯರ ವಿವಾಹವನ್ನು ನಿಷೇಧಿಸಿತು. ಇಂದಿಗೆ ಅಲ್ಪವೆಂದು ಕಾಣುವ ಈ ಕಟ್ಟಳೆಗೂ ಅಂದು ವಿರೋಧವಿದ್ದಿತು. ಬ್ರಿಟಿಷ್ ಹಿಂದುಸ್ಥಾನದಲ್ಲಿ 1929ರ ಶಾರದಾ ಕಾನೂನು 14 ವರ್ಷಗಳ ಮಿತಿಯನ್ನು ಹಾಕಿತು. 1978ರಲ್ಲಿ ಅದು 18ಕ್ಕೆ ಏರಿತು. ಹೀಗೆ ಹನ್ನೆರಡರಿಂದ ಹದಿನಾರರವರೆಗಿನ ವರ್ಷಗಳು ಹೆಣ್ಣುಮಕ್ಕಳಿಗೆ ಹೊಸದಾಗಿ ದೊರೆತುವು. ಆದರೆ ಕಾನೂನು ವಯಸ್ಸನ್ನು ಬಿಡಿಸಿಕೊಟ್ಟೀತೇ ಹೊರತು, ಕಂಡವರ ಕಣ್ಣನ್ನು ಬಿಡಿಸಿಕೊಡಲಾರದು.

ಆ ಕಣ್ಣಿನ ದೋಷವು ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ ಕೂಟದಲ್ಲಿ ಸ್ತ್ರೀಯರು 800 ಮೀಟರ್ ಓಡಿದರು. ಜರ್ಮನಿಯ ಲೀನಾ ರಾಡ್ಕೆ ಗೆದ್ದಳು. ಓಡಿದವರು ದಣಿದುದನ್ನೇ ಪತ್ರಿಕೆಗಳು ದೊಡ್ಡ ಅನಾಹುತವೆಂಬಂತೆ ಬರೆದುವು. ಪುರುಷರೂ ಓಡಿ ದಣಿಯುವರೆಂಬುದು ಯಾರಿಗೂ ನೆನಪಾಗಲಿಲ್ಲವೋ ಏನೋ! 1960ರ ರೋಮ್ ಕೂಟದವರೆಗೆ, 32 ವರ್ಷ, ಆ ಓಟವು ಸ್ತ್ರೀಯರಿಗೆ ಇಲ್ಲವಾಯಿತು.

1989ರಲ್ಲಿ ಫಾಕ್ಸ್ ಮತ್ತು ಕಾರ್ಬಿನ್ ಎಂಬ ವಿದ್ವಾಂಸರು, ಮನುಷ್ಯನು ತನ್ನ ದೇಹವನ್ನು ಕುರಿತು ತಾನೇ ತಾಳುವ ಭಾವನೆಯನ್ನು ನಾಲ್ಕಾಗಿ ವಿಂಗಡಿಸಿದರು: ಆಟದ ಕೌಶಲ, ದೇಹದ ಸುಸ್ಥಿತಿ, ಬಲ, ರೂಪ. ಪ್ರಾಯಕ್ಕೆ ಬರುವ ಹುಡುಗಿಯ ಮನೆಯಲ್ಲಿ ನಿತ್ಯವೂ ವಿಚಾರಣೆಗೆ ಬರುವುದು ಕಡೆಯದೊಂದೇ. ಬಿಸಿಲಿಗೆ ಕಪ್ಪಾದೀಯೆ, ಮೈ ಒರಟಾದೀತು ಎಂಬ ಮಾತುಗಳಲ್ಲಿ ಉಳಿದ ಮೂರಕ್ಕೆ ಸ್ಥಳವೆಲ್ಲಿ? ಕೇಳಿ ಕೇಳಿ ಅವಳೂ ತನ್ನನ್ನು ಅದೇ ಕಣ್ಣಿನಿಂದ ನೋಡತೊಡಗುವಳು. ಆಟದ ಗಂಟೆ ಬಾರಿಸಿದಾಗ ನೆಪ ಹೇಳಿ ಬಯಲಿನ ಅಂಚಿನಲ್ಲಿ ಕುಳಿತುಕೊಳ್ಳುವಳು. ವಿಶ್ವ ಆರೋಗ್ಯ ಸಂಸ್ಥೆಯು 146 ದೇಶಗಳ ವಿಷಯ ಸಂಗ್ರಹಿಸಿ ಲೆಕ್ಕಹಾಕಿದಂತೆ, 2016ರಲ್ಲಿ 11ರಿಂದ 17 ವರ್ಷದ ಹುಡುಗಿಯರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಸಾಕಷ್ಟು ಅಂಗಚಲನೆ ಇರಲಿಲ್ಲ. ಹುಡುಗರಲ್ಲಿ ಸುಮಾರು 78.

ಮೈಸೂರು ಜಿಲ್ಲೆಯಲ್ಲಿಯೇ, ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನಲ್ಲಿ ಬೇರೊಂದು ಬಗೆಯನ್ನು ಕಾಣಬಹುದು. 2025ರ ಜನವರಿ 19ರಂದು ದೆಹಲಿಯಲ್ಲಿ ಖೋ-ಖೋ ಆಟದ ಮೊದಲ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಭಾರತದ ಸ್ತ್ರೀಯರು ನೇಪಾಳವನ್ನು 78–40ರಿಂದ ಸೋಲಿಸಿದರು. ಆ ತಂಡದಲ್ಲಿ ಕುರುಬೂರಿನ ಬಿ. ಚೈತ್ರಾ ಇದ್ದಳು. ಖೋ-ಖೋಗೆ ಬೇಕಾದುದು ಎರಡು ಕಂಬ, ಒಂದಿಷ್ಟು ಮಣ್ಣಿನ ನೆಲ. ಆಟಗಾರ್ತಿಯರು ಸಾಲಾಗಿ ಕುಳಿತಿರುವರು. ಬೆನ್ನ ಹಿಂದಿನಿಂದ ‘ಖೋ’ ಎಂಬ ಕೂಗು ಬಿದ್ದೊಡನೆ ಕುಳಿತವಳು ಎದ್ದು ಓಡುವಳು.