ಪುನರ್ವಸತಿ ಕುಟುಂಬಗಳು: ಮಾನಸಿಕ ಒತ್ತಡ ಮತ್ತು ಉದ್ಯೋಗ

ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಬಾಧಿತವಾದ ಬಾಗಲಕೋಟೆ ಪಟ್ಟಣದ ಕುಟುಂಬಗಳಿಗೆ ನವನಗರದಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ಇಂತಹ ಸ್ಥಳಾಂತರದಲ್ಲಿ ಮನೆಯೊಂದಿಗೆ ನೆರೆಹೊರೆ, ಖಾಯಂ ಗಿರಾಕಿಗಳು ಹಾಗೂ ಕೂಲಿ ಕೊಡುತ್ತಿದ್ದವರೂ ದೂರವಾಗುತ್ತಾರೆ. ಪರಿಹಾರಧನವು ದಿನನಿತ್ಯದ ಖರ್ಚಿಗೇ ಕರಗಿದಲ್ಲಿ ಆತಂಕ ಹೆಚ್ಚುತ್ತದೆ. ಆದುದರಿಂದ ಅದರ ಒಂದು ಭಾಗವನ್ನು ಠೇವಣಿಯಾಗಿರಿಸಿ, ಹಳೆಯ ಕಸುಬನ್ನು ಸಣ್ಣ ಪ್ರಮಾಣದಲ್ಲಿ ಪುನರಾರಂಭಿಸುವುದು ಸೂಕ್ತ.

ಗ್ರೂಪ್ ‘ಸಿ’ ಮತ್ತು ‘ಡಿ’ ಹುದ್ದೆಗಳ ನೇರ ನೇಮಕಾತಿಯಲ್ಲಿ ಯೋಜನಾ ನಿರಾಶ್ರಿತರಿಗೆ ಮೀಸಲಾತಿ ಇದ್ದು, ಅಭ್ಯರ್ಥಿಗಳು ನಿಗದಿತ ನಮೂನೆಯ ಪ್ರಮಾಣಪತ್ರ ಹೊಂದಿರತಕ್ಕದ್ದು.

ನಿದ್ರಾಹೀನತೆ, ದುಡಿಮೆಯಲ್ಲಿ ನಿರಾಸಕ್ತಿ ಎರಡು ವಾರ ಮೀರಿದಲ್ಲಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣುವುದು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ದಿನದ 24 ಗಂಟೆಯೂ ಕನ್ನಡದಲ್ಲಿ ಉಚಿತ ಸಲಹೆ ದೊರೆಯುತ್ತದೆ.